ಮೊಬೈಲಿನಲ್ಲಿ ಕಾಣದ ಕೊನೆಯ ಕಾಲಂ

ನಮ್ಮ ಕಡೆ ಡಿಗ್ರಿ ಓದುವ ಹುಡುಗ ಹುಡುಗಿಯರು ಈಗ ವೆಬ್ ಪುಟ ಮಾಡುವುದನ್ನು ಕಲಿಯುತ್ತಿದ್ದಾರೆ. ಊರ ದೇವಸ್ಥಾನಕ್ಕೊಂದು, ಚಿಕ್ಕಪ್ಪನ ಹೋಂಸ್ಟೇಗೊಂದು, ಸ್ವಸಹಾಯ ಸಂಘದವರ ಜೇನುತುಪ್ಪಕ್ಕೊಂದು ಪುಟ ಕಟ್ಟುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ನೋಡಿದಾಗ ಎಲ್ಲ ಚೆಂದ ಇರುತ್ತದೆ. ಮನೆಗೆ ಬಂದು ಮೊಬೈಲಿನಲ್ಲಿ ತೆರೆದರೆ ಹೆಡ್ಡಿಂಗು ಒಂದು ಕಡೆ, ಫೋಟೊ ಇನ್ನೊಂದು ಕಡೆ. ಆಗ ಲಿಂಕನ್ನು ವಾಟ್ಸ್‌ಆ್ಯಪಿನಲ್ಲಿ ನಮಗೆ ಕಳಿಸುತ್ತಾರೆ: ‘ಅಣ್ಣ, ಒಂಚೂರು ನೋಡಿ ಹೇಳಿ, ಫೋನಲ್ಲಿ ಎಂತದೋ ಆಗ್ತಿದೆ.’

ನಾವು ಎಂಜಿನಿಯರುಗಳಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ಮೂಡಿಗೆರೆ, ಕಳಸ, ಕೊಟ್ಟಿಗೆಹಾರ ಅಂತ ಬೈಕಿನಲ್ಲಿ ತಿರುಗುವ ಜಿಲ್ಲಾ ಸ್ಟ್ರಿಂಗರುಗಳು. ಸುದ್ದಿ ಹಾಕಲು ಒಂದು ಪುಟ ಬೇಕಿತ್ತು, ಮಾಡಿಕೊಡುವವರಿಗೆ ಕೊಡಲು ದುಡ್ಡಿರಲಿಲ್ಲ, ಹಾಗಾಗಿ ಎಚ್‌ಟಿಎಂಎಲ್, ಸಿಎಸ್‌ಎಸ್ ಅಂತ ಸ್ವಲ್ಪ ಕಲಿತೆವು. ಕಲಿತದ್ದು ಗೊತ್ತಾದ ಮೇಲೆ ಕೇಳುವವರು ಬರುವುದು ಸಹಜ. ಊರಲ್ಲಿ ಒಬ್ಬರಿಗೆ ಪಂಪ್‌ಸೆಟ್ ಬಿಚ್ಚಲು ಬರುತ್ತದೆ ಅಂತ ತಿಳಿದರೆ ಹೇಗೋ ಹಾಗೆ.

‘ಎಂತದೋ ಆಗ್ತಿದೆ’ ಅನ್ನುವುದರಲ್ಲಿ ಅರ್ಧಕ್ಕರ್ಧ ಒಂದೇ ಸಾಲಿನ ಔಷಧಿಗೆ ವಾಸಿಯಾಗುತ್ತದೆ. ಪುಟದ ತಲೆಭಾಗದಲ್ಲಿ ವ್ಯೂಪೋರ್ಟ್ ಎಂಬ ಒಂದು ಸಾಲು ಬರೆಯಬೇಕು, ‘ಈ ಫೋನಿನ ಅಗಲ ಎಷ್ಟಿದೆಯೋ ಅಷ್ಟೇ ನಿನ್ನ ಅಗಲ’ ಅಂತ. ಅದು ಇಲ್ಲದಿದ್ದರೆ ಫೋನು ತಾನೊಂದು ದೊಡ್ಡ ಕಂಪ್ಯೂಟರ್ ಅಂದುಕೊಂಡು, 980 ಪಿಕ್ಸೆಲ್ ಅಗಲಕ್ಕೆ ಪುಟ ಜೋಡಿಸಿ, ಆಮೇಲೆ ಅದನ್ನು ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಸಾಸಿವೆ ಕಾಳಿನಷ್ಟಾಗುತ್ತದೆ. ನೀವು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದ ಪುಟಗಳೆಲ್ಲ ಹೆಚ್ಚುಕಡಿಮೆ ಇಂಥವೇ.

ಇನ್ನೊಂದಷ್ಟು, ಮುಚ್ಚದೆ ಬಿಟ್ಟ ಟ್ಯಾಗುಗಳದ್ದು. ತೋಟದ ಉಣುಗೋಲು ತೆಗೆದವರು ಮತ್ತೆ ಹಾಕದೆ ಹೋದರೆ ದನ ಎಲ್ಲಿ ಬೇಕಾದರೂ ನುಗ್ಗುತ್ತದಲ್ಲ, ಹಾಗೆ. ಪುಟದ ಕೊನೆಯಲ್ಲಿರಬೇಕಾದ ಫೋನ್ ನಂಬರು ಫೋಟೊ ಪಕ್ಕದಲ್ಲಿ ಬಂದು ನಿಂತಿರುತ್ತದೆ. ಬ್ರೌಸರಿಗೆ ಸಿಟ್ಟೇ ಇಲ್ಲ. ತಪ್ಪು ಬರೆದರೆ ಬೈಯುವುದಿಲ್ಲ, ತನಗೆ ತೋಚಿದ ಹಾಗೆ ಜೋಡಿಸಿ ತೋರಿಸಿಬಿಡುತ್ತದೆ. ಕಲಿಯುವವರಿಗೆ ಅದೇ ತೊಂದರೆ. ಬೈಯುವ ಯಂತ್ರವಾಗಿದ್ದರೆ ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತಿತ್ತು.

ಇವೆಲ್ಲ ಸಣ್ಣ ಸಂಗತಿಗಳು. ಕಳೆದ ಮಳೆಗಾಲದಲ್ಲಿ ಬಂದದ್ದು ಸಣ್ಣದಾಗಿರಲಿಲ್ಲ.

ಮೂವರು ವಿದ್ಯಾರ್ಥಿಗಳು ಸೇರಿ ಮಳೆಗಾಲಕ್ಕೇ ಅಂತ ಒಂದು ಪುಟ ಮಾಡಿದ್ದರು. ಎಲ್ಲಿ ಎಷ್ಟು ಮಳೆ, ಯಾವ ರಸ್ತೆ ಮುಚ್ಚಿದೆ, ಯಾವ ಸೇತುವೆ ಮುಳುಗಿದೆ, ಶಾಲೆಗೆ ರಜೆ ಇದೆಯೋ ಇಲ್ಲವೋ, ಕೆಳಗೆ ಕಾಫಿ ದರ. ಹೆಚ್ಚು ಕೆಲಸ ಮಾಡಿದವಳು ಕಳಸದ ಕಡೆಯ ಹುಡುಗಿ. ಈ ಭಾಗದವರಿಗೆ ಇಂಥ ಪುಟ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೋರು ಮಳೆ ಹಿಡಿದು ಭದ್ರಾ ಉಕ್ಕಿದರೆ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೆ ನೀರು ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು, ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಮನೆ ತೋಟ ಎರಡೂ ಹೋದವು. ಅಂದಿನಿಂದ ಮಳೆಯ ಸದ್ದು ಜೋರಾದರೆ ಜನ ಮೊದಲು ಮೊಬೈಲು ತೆಗೆಯುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಹೋದ ವರ್ಷದ ಫೋಟೊ ಈ ವರ್ಷದ್ದು ಅಂತ ಓಡಾಡುತ್ತಿರುತ್ತದೆ. ನಂಬುವಂಥದ್ದು ಒಂದು ಜಾಗದಲ್ಲಿ ಸಿಕ್ಕಿದರೆ ಎಷ್ಟೋ ಉಪಕಾರ. ಆ ಹುಡುಗಿ ಪರಿಚಯದ ಬಸ್ ಕಂಡಕ್ಟರ್, ಅಂಗಡಿಯವರು, ಹೊಳೆ ದಂಡೆಯ ಮನೆಯವರು ಅಂತ ದಿನಾ ಏಳೆಂಟು ಜನಕ್ಕೆ ಫೋನು ಮಾಡಿ ಕೇಳಿಯೇ ಬರೆಯುತ್ತಿದ್ದಳು. ವರದಿಗಾರಿಕೆ ಅಂದರೆ ಅದೇ ತಾನೆ.

ಒಂದು ಬೆಳಗಿನ ಜಾವ ಹೊರನಾಡು ಕಡೆಯಿಂದ ಬಾಡಿಗೆ ಜೀಪಿನವರೊಬ್ಬರು ಜ್ವರ ಬಂದ ಮಗು, ಅದರ ತಾಯಿ, ಅಜ್ಜಿ ಮೂವರನ್ನು ಕೂರಿಸಿಕೊಂಡು ಕಳಸದ ಆಸ್ಪತ್ರೆಗೆ ಹೊರಟರು. ಹೊರಡುವ ಮುಂಚೆ ಈ ಪುಟ ತೆರೆದು ನೋಡಿದರು. ‘ಹೆಬ್ಬಾಳೆ ಸೇತುವೆ’ ಅಂತಿತ್ತು, ಪಕ್ಕದಲ್ಲಿ ‘ಬಸ್, ಜೀಪ್, ಬೈಕ್’ ಅಂತಿತ್ತು. ಸರಿ ಅಂತ ಹೊರಟರು. ಸೇತುವೆ ಹತ್ತಿರ ಬಂದಾಗ ಹೆಡ್‌ಲೈಟಿನ ಬೆಳಕಿಗೆ ಕಂಡದ್ದು ನೀರು. ಮಳೆಗಾಲ ಕಂಡ ಚಾಲಕ, ನಿಧಾನಕ್ಕೆ ಬಂದಿದ್ದರು, ನಿಲ್ಲಿಸಿದರು. ಹಿಂದಕ್ಕೆ ತಿರುಗಿಸಿ ಹಳುವಳ್ಳಿ ಮೇಲೆ ಸುತ್ತಿ ಕಳಸ ತಲುಪಿದರು. ಮಗುವಿಗೆ ಔಷಧಿ ಆಯಿತು, ಹುಷಾರಾಯಿತು. ಆಸ್ಪತ್ರೆ ಅಂಗಳದಲ್ಲೇ ನಿಂತು ಅವರು ಪುಟದ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದರು. ‘ಏನಮ್ಮ, ಸೇತುವೆ ಮೇಲೆ ಜೀಪ್ ಹೋಗ್ತದೆ ಅಂತ ಹಾಕಿದೀರಲ್ಲ. ಒಂದ್ಸಲ ನೀವೇ ಹೋಗಿ ಬನ್ನಿ ನೋಡುವ.’

ಹುಡುಗಿ ಗಾಬರಿಯಿಂದ ಲ್ಯಾಪ್‌ಟಾಪ್ ತೆರೆದು ನೋಡಿದಳು. ಹಿಂದಿನ ರಾತ್ರಿ ಹತ್ತು ಗಂಟೆಗೆ ಅವಳೇ ಹಾಕಿದ್ದು ಹಾಗೇ ಇದೆ: ‘ಮುಳುಗಿದೆ. ಸಂಚಾರ ಇಲ್ಲ.’ ಅವಳು ಬರೆದದ್ದೂ ಸರಿ, ಅವರು ಓದಿದ್ದೂ ಸರಿ.

ಎರಡು ದಿನ ಬಿಟ್ಟು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಮಗೆ ಸಿಕ್ಕಳು. ಲ್ಯಾಪ್‌ಟಾಪು ಚೀಲದಿಂದ ಹೊರಗೇ ತೆಗೆಯಲಿಲ್ಲ. ‘ಪುಟ ತೆಗೆದುಹಾಕ್ತೀನಿ ಅಣ್ಣ. ನನ್ನಿಂದ ಯಾರಿಗಾದ್ರೂ ಏನಾದ್ರೂ ಆದ್ರೆ?’ ಅಂದಳು. ಅವಳ ಜೊತೆಗಾರ ಹುಡುಗ, ‘ಅವರು ಸರಿಯಾಗಿ ನೋಡ್ಲಿಲ್ಲ, ನಮ್ಮದೇನೂ ತಪ್ಪಿಲ್ಲ’ ಅನ್ನುತ್ತಿದ್ದ. ಇಬ್ಬರದ್ದೂ ನಮಗೆ ಒಪ್ಪಿಗೆಯಾಗಲಿಲ್ಲ.

‘ಪರವಾಗಿಲ್ಲ ಬಿಡು’ ಅಂದರೆ ಸುಳ್ಳಾಗುತ್ತದೆ. ಚಾಲಕ ಸ್ವಲ್ಪ ಆತುರದವರಾಗಿದ್ದರೆ ಏನಾಗುತ್ತಿತ್ತು ಅಂತ ಅವಳಿಗೂ ಗೊತ್ತು. ಹಾಗಂತ ಬೈದರೆ, ಮಳೆಯಲ್ಲಿ ದಿನಾ ಏಳೆಂಟು ಜನಕ್ಕೆ ಫೋನು ಮಾಡಿ ಬರೆಯುವ ಒಬ್ಬಳನ್ನು ಈ ಊರು ಕಳೆದುಕೊಳ್ಳುತ್ತದೆ. ನಾವು ನಮ್ಮ ಹಳೇ ಫೋನು ತೆಗೆದು ಅವಳ ಪುಟವನ್ನೇ ತೆರೆದು ಅವಳ ಮುಂದಿಟ್ಟೆವು. ‘ಹೆಬ್ಬಾಳೆ ಸಾಲು ಒಂದ್ಸಲ ಗಟ್ಟಿಯಾಗಿ ಓದು.’ ಓದಿದಳು. ಸ್ಥಳ, ಸಂಚಾರ, ಆಮೇಲೆ ಅರ್ಧ ಕತ್ತರಿಸಿದ ಮೂರನೇ ಕಾಲಂ. ಬೆರಳಿನಲ್ಲಿ ಎಡಕ್ಕೆ ಎಳೆದಳು. ಜಗ್ಗಲಿಲ್ಲ. ಮತ್ತೆ ಎಳೆದಳು. ‘ಕಾಣೋದೇ ಇಲ್ವಲ್ಲ ಅಣ್ಣ’ ಅಂದಳು. ಅಷ್ಟು ಹೊತ್ತಿಗೆ ಜೊತೆಗಾರನ ಬಾಯಿಯೂ ನಿಂತಿತ್ತು.

ಆಮೇಲೆ ಲ್ಯಾಪ್‌ಟಾಪು ಹೊರಗೆ ಬಂತು.

ಇಂಥ ದೋಷ ಹುಡುಕಲು ನಾವು ಎಲ್ಲರಿಗೂ ಹೇಳಿಕೊಡುವ ಒಂದು ಉಪಾಯವಿದೆ. ಸ್ಟೈಲಿನಲ್ಲಿ ಒಂದೇ ಸಾಲು ಬರೆದು ಪುಟದ ಪ್ರತಿಯೊಂದು ಡಬ್ಬಿಯ ಸುತ್ತ ಕೆಂಪು ಗೆರೆ ಎಳೆಯುವುದು. ಸರ್ವೆಯವರು ಬಂದು ಮೂಲೆ ಮೂಲೆಗೆ ಕಲ್ಲು ನೆಟ್ಟ ಮೇಲೆ ಯಾರ ಬೇಲಿ ಯಾರ ಜಾಗದಲ್ಲಿದೆ ಅಂತ ಕಾಣುತ್ತದಲ್ಲ, ಹಾಗೆ ಕಾಣುತ್ತದೆ. ಗೆರೆಗೆ ಬಾರ್ಡರ್ ಬಳಸಬಾರದು, ಔಟ್‌ಲೈನ್ ಬಳಸಬೇಕು. ಬಾರ್ಡರ್ ತಾನೇ ಸ್ವಲ್ಪ ಜಾಗ ತಿನ್ನುತ್ತದೆ, ಆಗ ಅಳತೆಗೆ ಬಂದವನೇ ಒತ್ತುವರಿ ಮಾಡಿದ ಹಾಗೆ. ಔಟ್‌ಲೈನಿಗೆ ಜಾಗ ಬೇಡ.

ಗೆರೆ ಎಳೆದ ಕೂಡಲೇ ಗೊತ್ತಾಯಿತು. ಟೇಬಲ್ಲಿಗೆ 900 ಪಿಕ್ಸೆಲ್ ಅಂತ ಅಗಲ ಕಟ್ಟಿದ್ದಳು. ಆರು ಕಾಲಂ, ಒಂದೊಂದಕ್ಕೆ 150. ಲ್ಯಾಬಿನ ಕಂಪ್ಯೂಟರಿನ ಪರದೆ 1366 ಇತ್ತು, ಆರಾಮಾಗಿ ಹಿಡಿಯಿತು. ನಮ್ಮ ಫೋನಿನ ಲೆಕ್ಕಕ್ಕೆ ಅಗಲ 360. ಎರಡೂವರೆ ಕಾಲಂ ಅಷ್ಟೇ ಹಿಡಿಯುವುದು. ಇಂದಿನ ಸ್ಥಿತಿ ಇದ್ದದ್ದು ಆರನೆಯದರಲ್ಲಿ. ಅದಾದರೂ ಬೆರಳಿನಲ್ಲಿ ಎಳೆದರೆ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಟೇಬಲ್ ಸುತ್ತಲಿನ ಡಬ್ಬಿಗೆ ಓವರ್‌ಫ್ಲೋ ಹಿಡನ್ ಅಂತ ಬರೆದಿತ್ತು. ಡಬ್ಬಿಯಿಂದ ಹೊರಗೆ ಚಾಚಿದ್ದನ್ನು ಮುಚ್ಚಿಬಿಡು ಅಂತ ಅದರರ್ಥ.

‘ಇದನ್ನ ಯಾಕೆ ಹಾಕಿದೆ?’

‘ಕೆಳಗೆ ಅಡ್ಡ ಸ್ಕ್ರೋಲ್ ಬಾರ್ ಬರ್ತಿತ್ತಣ್ಣ, ಚೆಂದ ಕಾಣ್ತಿರ್ಲಿಲ್ಲ. ಹುಡುಕಿದಾಗ ಹಿಡನ್ ಹಾಕಿ ಅಂತ ಒಂದು ಕಡೆ ಇತ್ತು. ಹಾಕಿದೆ, ಹೋಯ್ತು.’

ಹೋದದ್ದು ಸ್ಕ್ರೋಲ್ ಬಾರ್ ಮಾತ್ರ ಅಂತ ಅವಳು ತಿಳಿದಿದ್ದಳು. ಹೊಸಬರ ಕೋಡಿನಲ್ಲಿ ನಾವು ಹೆಚ್ಚು ಸಲ ಕಂಡ ರೋಗ ಇದು. ಸೂರು ಸೋರಿದ ಗುರುತು ಕಾಣಬಾರದು ಅಂತ ಗೋಡೆಗೆ ಕ್ಯಾಲೆಂಡರು ನೇತುಹಾಕುವುದು. ಆ ಸ್ಕ್ರೋಲ್ ಬಾರ್ ಅವಳಿಗೆ ‘ನಿನ್ನ ಟೇಬಲ್ ಹಿಡಿಯುತ್ತಿಲ್ಲ’ ಅಂತ ಹೇಳುತ್ತಿತ್ತು. ಹೇಳುವವರ ಬಾಯಿ ಮುಚ್ಚಿಸಿದಳು.

ಹಿಡನ್ ತೆಗೆದು ಆಟೊ ಅಂತ ಹಾಕಿದರೆ ಟೇಬಲ್ ಎಳೆದು ನೋಡಲು ಬರುತ್ತದೆ. ಎರಡು ನಿಮಿಷದ ಕೆಲಸ. ಜೊತೆಗಾರ ಅಲ್ಲಿಗೇ ಎದ್ದು ನಿಂತ. ನಾವು ಕೂರಿಸಿದೆವು. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು ಹಿಡಿದವರು ಟೇಬಲ್ ಎಳೆದು ಎಳೆದು ಆರನೇ ಕಾಲಂ ಹುಡುಕುತ್ತಾರಾ?

ಇಲ್ಲಿ ಕೋಡಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮ ಡಿಪ್ಲೊಮಾದ ಮೊದಲ ವಾರದ ಪಾಠ. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲ ಸಾಲಿನಲ್ಲಿ ಬರಬೇಕು. ಯಾಕೆಂದರೆ ಜಾಗ ಸಾಲದಿದ್ದರೆ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದ. ಫೋನೂ ಒಂದು ಡೆಸ್ಕು ಅಂತಲೇ ಇಟ್ಟುಕೊಳ್ಳಿ. ಜಾಗ ಸಾಲದಿದ್ದರೆ ಬಲದಿಂದ ಕತ್ತರಿಸುತ್ತದೆ. ಹಾಗಿರುವಾಗ ಜನ ನೋಡಲು ಬರುವ ಒಂದೇ ಮಾತನ್ನು ಬಲತುದಿಯಲ್ಲಿ ಇಡುವುದು ಯಾಕೆ? ‘ಹಾಜರಿ ಪುಸ್ತಕದಲ್ಲಿ ಷರಾ ಕಾಲಂ ಕೊನೆಗೇ ಇರ್ತದಲ್ಲ ಅಣ್ಣ’ ಅಂದಳು. ಸರಕಾರಿ ನಮೂನೆಗಳನ್ನು ನೋಡಿ ನೋಡಿ ಎಲ್ಲರಿಗೂ ಅದೇ ರೂಢಿಯಾಗಿದೆ. ಆ ನಮೂನೆಗಳನ್ನು ಮೇಜಿನ ಮೇಲೆ ಅಗಲಕ್ಕೆ ಹರಡಿ ತುಂಬುತ್ತಾರೆ ಅನ್ನುವುದನ್ನು ಮರೆಯುತ್ತೇವೆ.

ಅವಳೇ ಕುಳಿತು ಆರು ಕಾಲಮ್ಮನ್ನು ಎರಡು ಮಾಡಿದಳು. ಸ್ಥಳ, ಇಂದಿನ ಸ್ಥಿತಿ. ಉಳಿದದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. 900 ಅನ್ನುವ ಅಂಕಿ ಅಳಿಸಿ, ಪೂರ್ತಿ ಅಗಲ ಅಂತ ಬರೆದಳು. ‘ಸಂಚಾರ: ಬಸ್, ಜೀಪ್, ಬೈಕ್’ ಅನ್ನುವ ಕಾಲಮ್ಮನ್ನು ಪೂರ್ತಿ ಕಿತ್ತು ಹಾಕಿದಳು. ಕೇಳದೇ ಮಾಡಿದ್ದು ಅದು. ಮಳೆಗಾಲದ ಪುಟದಲ್ಲಿ ಬೇಸಿಗೆಯ ಮಾತು ಯಾಕೆ ಅಂದಳು. ನಮಗೆ ತುಂಬಾ ಖುಷಿಯಾಯಿತು.

ವೆಬ್ ಪುಟ ಹುಟ್ಟುವಾಗ ಈ ತಾಪತ್ರಯ ಇರಲಿಲ್ಲ ಅನ್ನುವುದನ್ನೂ ಅವಳಿಗೆ ಹೇಳಿದೆವು. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1991ರ ಹೊತ್ತಿಗೆ ಜಗತ್ತಿಗೆ ತೋರಿಸಿದ ಪುಟಗಳಲ್ಲಿ ಬರೀ ಅಕ್ಷರ, ಕೊಂಡಿ. ಕಿಟಕಿ ಕಿರಿದು ಮಾಡಿದರೆ ಸಾಲುಗಳು ತಾವೇ ಮುರಿದು ಕೆಳಗಿಳಿಯುತ್ತಿದ್ದವು. ಚೆಂದ ಮಾಡುವ ಸಿಎಸ್‌ಎಸ್ ಬಂದದ್ದು 1996ರಲ್ಲಿ. ಆಮೇಲೆ ಮಾಡುವವರು ಪತ್ರಿಕೆ ಪುಟದ ಹಾಗೆ ಇಂತಿಷ್ಟೇ ಅಗಲ ಅಂತ ಕಟ್ಟಿಹಾಕಲು ಶುರು ಮಾಡಿದರು. ಫೋನುಗಳು ಬಂದವು, ಎಲ್ಲ ಕೆಟ್ಟಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬಾತ, ಪರದೆಗೆ ತಕ್ಕ ಹಾಗೆ ಪುಟ ಬದಲಾಗಬೇಕು ಅಂತ ಬರೆದು ಅದಕ್ಕೆ ರೆಸ್ಪಾನ್ಸಿವ್ ಅಂತ ಹೆಸರಿಟ್ಟ. ನೀರಿನ ಹಾಗೆ ಇದ್ದದ್ದನ್ನು ಐಸ್ ಮಾಡಿ, ಮತ್ತೆ ಕರಗಿಸುವ ವಿದ್ಯೆ ಕಲಿತ ಹಾಗಾಯಿತು.

ಇದುವರೆಗೆ ಹೇಳಿದ್ದು ಯಾವ ಭಾಷೆಗಾದರೂ ಬರುವ ತೊಂದರೆ. ಕನ್ನಡಕ್ಕೆ ಅಂತಲೇ ಬೇರೆ ಇವೆ, ಅದನ್ನು ಇಂಗ್ಲಿಷ್ ಪಾಠದಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಮೊದಲನೆಯದು ಒತ್ತಕ್ಷರ. ಇಂಗ್ಲಿಷ್ ಅಕ್ಷರ ಹೆಚ್ಚಾಗಿ ಗೆರೆ ಮೇಲೆ ಕೂರುತ್ತದೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವು ಸಲ ಒತ್ತಿನ ಮೇಲೊಂದು ಒತ್ತು. ಇಂಗ್ಲಿಷ್ ಅಳತೆಯಲ್ಲಿ ಸಾಲಿನ ಎತ್ತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್ನಿಗೋ ಹೆಡ್ಡಿಂಗಿಗೋ ಇಷ್ಟೇ ಎತ್ತರ ಅಂತ ಕಟ್ಟಿದರೆ ಇನ್ನೂ ಕಷ್ಟ, ಒತ್ತು ಕತ್ತರಿಸಿಯೇ ಹೋಗುತ್ತದೆ. ಒತ್ತು ಹೋದರೆ ‘ಕತ್ತೆ’ ‘ಕತೆ’ಯಾಗುತ್ತದೆ, ‘ಹಳ್ಳಿ’ ‘ಹಳಿ’ಯಾಗುತ್ತದೆ. ಒಬ್ಬ ಹುಡುಗ ಅಕ್ಕನ ಹೋಳಿಗೆ ವ್ಯಾಪಾರಕ್ಕೆ ಪುಟ ಮಾಡಿದ್ದ. ಬಟನ್ ಮೇಲೆ ‘ಅಕ್ಕನ ಹೋಳಿಗೆ’ ಅಂತ ಬರೆದದ್ದು ‘ಅಕನ ಹೋಳಿಗೆ’ ಅಂತ ಕಾಣುತ್ತಿತ್ತು. ಅವನಿಗೆ ಕಂಡೇ ಇರಲಿಲ್ಲ. ನಾವೇ ಬರೆದದ್ದನ್ನು ಓದುವಾಗ ಕಣ್ಣು ಇಲ್ಲದ ಒತ್ತನ್ನೂ ಹಾಕಿಕೊಂಡು ಓದುತ್ತದೆ. ಕನ್ನಡಕ್ಕೆ ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಹೆಚ್ಚೇ ಇರಲಿ, ನಾವು 1.7 ಇಡುತ್ತೇವೆ. ಬಟನ್ನಿಗೆ ಎತ್ತರ ಕಟ್ಟಬೇಡಿ, ಒಳಗಿನ ಅಂಚಿಗೆ ಜಾಗ ಕೊಡಿ, ಅದೇ ಬೆಳೆದುಕೊಳ್ಳುತ್ತದೆ.

ಎರಡನೆಯದು ನಮ್ಮ ಉದ್ದ ಪದಗಳು. ಇಂಗ್ಲಿಷಿನಲ್ಲಿ ನಾಲ್ಕು ತುಂಡಾಗಿ ಬರುವುದು ನಮ್ಮಲ್ಲಿ ಒಂದೇ ಪದ. ‘ಚಿಕ್ಕಮಗಳೂರಿನವರೆಗೂ’ ಅನ್ನುವುದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ನೋಡಿ, ಬಾಲ ಹೊರಗಿರುತ್ತದೆ. ಅದನ್ನು ಮುರಿಯಲು ಹೇಳುವ ಒಂದು ಸಾಲು ಸಿಎಸ್‌ಎಸ್‌ನಲ್ಲಿದೆ, ಓವರ್‌ಫ್ಲೋ ರ‍್ಯಾಪ್ ಅಂತ. ಆದರೆ ಎಲ್ಲಿ ಬೇಕೋ ಅಲ್ಲಿ ಮುರಿದ ಕನ್ನಡ ಓದಲು ಹಿತವಲ್ಲ. ಆದಷ್ಟು ಚಿಕ್ಕ ಪದ ಹುಡುಕುವುದೇ ಮೇಲು. ‘ರಜೆ ಘೋಷಿಸಲಾಗಿದೆ’ ಬೇಡ, ‘ಇಂದು ರಜೆ’ ಸಾಕು. ಲೇಔಟ್ ಸರಿಮಾಡಲು ಹೋಗಿ ಭಾಷೆಯೂ ಸರಿಯಾಗುವುದು ಹೀಗೆ.

ಮೂರನೆಯದು ಡಿಟಿಪಿ ಅಂಗಡಿಯಿಂದ ಬರುವ ರೋಗ. ಇದರ ಬಗ್ಗೆ ನಮಗೆ ಹೇಳಲು ಬಹಳ ಇದೆ, ಸ್ವಲ್ಪ ಸಹಿಸಿಕೊಳ್ಳಿ.

ದೇವಸ್ಥಾನದ ಜಾತ್ರೆಯ ಕರಪತ್ರ, ಸಂಘದ ವರದಿ ಇವನ್ನೆಲ್ಲ ಅಂಗಡಿಯಲ್ಲಿ ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿಸಿರುತ್ತಾರೆ. ಹುಡುಗರು ಆ ಫೈಲನ್ನೇ ತಂದು ಪುಟಕ್ಕೆ ಅಂಟಿಸುತ್ತಾರೆ. ಫೋನಿನಲ್ಲಿ ತೆರೆದರೆ ‘ಕನ್ನಡ’ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ! ಕಂಪ್ಯೂಟರಿಗೆ ಕನ್ನಡ ಅಂತ ಗೊತ್ತಿಲ್ಲದ ಕಾಲದಲ್ಲಿ ಮಾಡಿಕೊಂಡ ಉಪಾಯ ಅದು. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇರುತ್ತದೆ, ಫಾಂಟು ಅವುಗಳ ಮುಖಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ, ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ನೋಡಿದ ಹಾಗೆ.

ಆದರೆ ಆ ಉಪಾಯವನ್ನು ಹೀಗಳೆಯುವ ಹುಡುಗರನ್ನು ನಾವು ತಡೆಯುತ್ತೇವೆ. ಕೆ.ಪಿ. ರಾವ್ ಅವರು ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿಕೊಡದಿದ್ದರೆ, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಾರದಿದ್ದರೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ನಮ್ಮಂಥವರ ವರದಿಗಳು ಇನ್ನೂ ಕೈಬರಹದಲ್ಲಿ ಬಸ್ಸಿನಲ್ಲಿ ಹೋಗಬೇಕಿತ್ತು. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ತೋಟದಲ್ಲಿ ಕುಳಿತು ಕಂಪ್ಯೂಟರಿಗೆ ಒಳ್ಳೆಯ ಕನ್ನಡ ಬೇಕು ಅಂತ ಹಟ ಹಿಡಿದವರು. ಅವರ ಒತ್ತಾಸೆಯಿಂದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ಕನ್ನಡ ತಂತ್ರಾಂಶ ಬಂತು. ಅವರು 2007ರಲ್ಲಿ ತೀರಿಕೊಂಡರು. ಈಗ ಕೈಯಲ್ಲಿ ಫೋನು ಹಿಡಿದು ಸರಾಗವಾಗಿ ಕನ್ನಡ ಕುಟ್ಟುವ ಹುಡುಗರನ್ನು ನೋಡಿದ್ದರೆ ಏನನ್ನುತ್ತಿದ್ದರೋ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರಿಂದಲೇ ಇದೆ. ಪುಟಕ್ಕೆ ಹಾಕುವ ಮುಂಚೆ ಹಳೆಯ ಫೈಲನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಲೇಬೇಕು, ಅರ್ಕಾವೊತ್ತು ಅಲ್ಲಲ್ಲಿ ಜಾರಿರುತ್ತದೆ. ಜೊತೆಗೆ ಪುಟದ ತಲೆಯಲ್ಲಿ ಯುಟಿಎಫ್-8 ಅಂತ ಬರೆಯಬೇಕು. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಅದನ್ನು ಹೇಳದೇ ಇದ್ದರೆ ಕೆಲವು ಸಲ ಬ್ರೌಸರು ಮೂರನ್ನೂ ಬೇರೆ ಬೇರೆ ಅಕ್ಷರ ಅಂದುಕೊಂಡು ಗೀಟು ಹಾಕಿದ ಎ-ಗಳ ಮೆರವಣಿಗೆ ಹೊರಡಿಸುತ್ತದೆ. ರೋಗ ಬೇರೆ, ಲಕ್ಷಣ ಮಾತ್ರ ನುಡಿಯದರ ಹಾಗೇ. ಎಲ್ಲೆಲ್ಲೂ ಎ-ಗೀಟೇ ಕಂಡರೆ ಯುಟಿಎಫ್ ಸಮಸ್ಯೆ, ನಡುನಡುವೆ ಪೌಂಡು, ಪಿ, ಕ್ಯೂ ಬಂದರೆ ನುಡಿ ಸಮಸ್ಯೆ ಅಂತ ನಾವು ಗುರುತಿಟ್ಟುಕೊಂಡಿದ್ದೇವೆ.

ಫೋಟೊ ವಿಷಯ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲಿ ತೆಗೆದ ಐದು ಎಂಬಿ ಫೋಟೊವನ್ನು ಹಾಗೇ ಹಾಕಬೇಡಿ. ಕರೆಂಟು ಹೋಗಿ ಟವರು ಅರೆಜೀವವಾದಾಗ ಅದು ಇಳಿಯುವುದಿಲ್ಲ. ಅಲಂಕಾರದ ಫಾಂಟೂ ಬೇಡ. ಫೋನಿನಲ್ಲೇ ಕನ್ನಡ ಫಾಂಟ್ ಇರುತ್ತದೆ.

ಇನ್ನು ಅಭಿಪ್ರಾಯ ಹೇಳುವ ರೀತಿ. ನಾವು ಬರೆದು ಕಳಿಸಿದ ಮೂವತ್ತು ಸಾಲು ಪತ್ರಿಕೆಯಲ್ಲಿ ಎಂಟು ಸಾಲಾಗಿ ಬರುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ಹಾಗೇ ಕತ್ತರಿಸಿಕೊಂಡವರಿಗೆ, ಕಾರಣ ಹೇಳದ ತಿದ್ದುಪಡಿಯಿಂದ ಏನೂ ಕಲಿಯಲಾಗುವುದಿಲ್ಲ ಅಂತ ಗೊತ್ತು. ಅದಕ್ಕೇ ನಾವು ಯಾರ ಕೀಬೋರ್ಡನ್ನೂ ಮುಟ್ಟುವುದಿಲ್ಲ. ಕಿತ್ತುಕೊಂಡು ಸರಿಮಾಡಿ ಕೊಟ್ಟರೆ ಬೇಗ ಆಗುತ್ತದೆ ನಿಜ, ಮುಂದಿನ ವಾರ ಅದೇ ದೋಷ ಹಿಡಿದುಕೊಂಡು ಮತ್ತೆ ಬರುತ್ತಾರೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ತಪ್ಪು ತೋರಿಸುವುದಿಲ್ಲ. ಓದುಗರಿಗೆ ತೊಂದರೆ ಕೊಡುವುದು ಮೊದಲು, ಕಣ್ಣಿಗೆ ಚೆಂದ ಕಾಣದ್ದು ಆಮೇಲೆ. ಬಣ್ಣದ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತೇವೆ. ಇಪ್ಪತ್ತರ ವಯಸ್ಸಿಗೆ ನೇರಳೆ ಮೇಲೆ ಹಳದಿ ಅಕ್ಷರ ಇಷ್ಟವಾಗುತ್ತದೆ, ಏನು ಮಾಡುವುದು.

ಈಗೀಗ ಇನ್ನೊಂದು ಥರದ ಕೋಡು ಬರುತ್ತಿದೆ. ಎಐಗೆ ಹೇಳಿ ಬರೆಸಿದ್ದು. ಕೊಟ್ಟಿಗೆಹಾರದ ಕಡೆಯ ಹುಡುಗನೊಬ್ಬ ತಂದ ಪುಟದಲ್ಲಿ ಸ್ಟೈಲೇ 400 ಸಾಲಿತ್ತು. ಒಂದು ಸಾಲಿಗೆ ಬೆರಳಿಟ್ಟು ‘ಇದು ಎಂತಕ್ಕೆ ಮಾರಾಯ?’ ಅಂದೆವು. ‘ಗೊತ್ತಿಲ್ಲಣ್ಣ, ತೆಗೆದ್ರೆ ಹಾಳಾಗ್ತದೇನೋ.’ ಬರೆಸಿದ್ದು ತಪ್ಪು ಅಂತ ನಾವು ಹೇಳಲಿಲ್ಲ. ಒಂದೊಂದೇ ಸಾಲು ತೆಗೆದು, ಸೇವ್ ಮಾಡಿ, ಫೋನಿನಲ್ಲಿ ನೋಡು, ಏನೂ ಬದಲಾಗದಿದ್ದರೆ ಅದು ಬೇಡದ ಸಾಲು ಅಂದೆವು. ಕಾಫಿ ಗಿಡದ ಚಿಗುರು ತೆಗೆಯುವಾಗ ಹೊಸ ಆಳಿಗೆ ಮೇಸ್ತ್ರಿ ಹೇಳುವುದೂ ಇದೇ ಅಲ್ಲವಾ, ಎಲ್ಲ ಕೀಳಬೇಡ, ಮುಂದಿನ ವರ್ಷ ಕಾಯಿ ಕಚ್ಚುವ ರೆಕ್ಕೆ ಯಾವುದು ನೋಡಿ ಬಿಡು ಅಂತ. ಹುಡುಗ ನಾಲ್ಕು ಸಂಜೆ ಕೂತ. 400 ಸಾಲು 80ಕ್ಕೆ ಇಳಿಯಿತು. ಆ 80ರಲ್ಲಿ ಯಾವುದನ್ನು ಕೇಳಿದರೂ ಈಗ ಉತ್ತರ ಹೇಳುತ್ತಾನೆ. ಮಧ್ಯದಲ್ಲಿ ಒಂದು ಸಲ ಪುಟ ಪೂರ್ತಿ ಬಿಳಿಯಾಗಿ ರಾತ್ರಿ ಹನ್ನೊಂದಕ್ಕೆ ನಮಗೆ ಫೋನು ಮಾಡಿದ್ದ, ಅದು ಬೇರೆ.

ಮಳೆ ಪುಟದ ಕತೆಗೆ ಬಂದರೆ, ಸರಿಮಾಡಿದ ಪುಟವನ್ನು ನಾವು ಮೂರು ಜನಕ್ಕೆ ತೋರಿಸಲು ಹೇಳಿದೆವು. ಕಾಲೇಜಿನವರು ಯಾರೂ ಆಗಬಾರದು. ಹುಡುಗಿ ಪಕ್ಕದ ಎಸ್ಟೇಟಿನ ರೈಟರಿಗೆ, ಲೈನ್ ಮನೆಯ ಒಬ್ಬ ಅಮ್ಮನಿಗೆ, ಮತ್ತೆ ಯಾರೂ ಎಣಿಸದ ಹಾಗೆ, ಬೈದ ಜೀಪಿನವರಿಗೇ ತೋರಿಸಿದಳು. ಮುಂದೆ ಕೂತು ನೋಡು, ಬಾಯಿ ಬಿಡಬೇಡ, ಅವರ ಬೆರಳು ಎಲ್ಲಿ ಹೋಗುತ್ತದೆ ಅಂತ ಮಾತ್ರ ಗಮನಿಸು ಅಂದಿದ್ದೆವು.

ರೈಟರು ಮಳೆ ಅಂಕಿ ನೋಡಿ ನಕ್ಕರಂತೆ. ಅವಳು ಮಿಲಿಮೀಟರಿನಲ್ಲಿ ಹಾಕಿದ್ದಳು. ‘ಇಲ್ಲಿ ಯಾರಮ್ಮ ಮಿಲಿಮೀಟರು ಮಾತಾಡ್ತಾರೆ? ನಿನ್ನೆ ನಮ್ಮಲ್ಲಿ ಮೂರು ಇಂಚು ಇಪ್ಪತ್ತು ಸೆಂಟು.’ ಕಾಫಿ ಸೀಮೆಯಲ್ಲಿ ಮಳೆ ಅಂದರೆ ಇಂಚು, ಇಂಚಿನ ನೂರರಲ್ಲೊಂದು ಭಾಗ ಸೆಂಟು. 25.4ರಿಂದ ಭಾಗಿಸಿ ಇಂಚು ಮುಂದೆ, ಮಿಲಿಮೀಟರು ಹಿಂದೆ ಹಾಕಿದಳು. ಲೈನ್ ಮನೆಯ ಅಮ್ಮ ಕೆಂಪು, ಹಸಿರು ಚುಕ್ಕಿ ನೋಡಿ ಕೆಂಪು ಅಂದರೆ ಮೆಣಸಿನ ದರ ಅಂದುಕೊಂಡರು. ಚುಕ್ಕಿಯ ಜಾಗಕ್ಕೆ ‘ಹೋಗಬಹುದು’, ‘ಹೋಗಬೇಡಿ’ ಅನ್ನುವ ಮಾತು ಬಂತು. ಹಳದಿ ಚುಕ್ಕಿಗೆ ಏನು ಬರೆಯುವುದು ಅಂತ ಮೂವರಲ್ಲಿ ಬಹಳ ಚರ್ಚೆಯಾಗಿ, ‘ಕೇಳಿ ಹೋಗಿ’ ಅಂತಾಯಿತು. ಯಾವ ಮಾರ್ಗಸೂಚಿಯಲ್ಲೂ ಅಂಥ ಪದ ಸಿಕ್ಕಲಿಕ್ಕಿಲ್ಲ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕಿಂತ ಸರಿಯಾದ ಮಾತು ನಮಗೂ ಹೊಳೆಯಲಿಲ್ಲ.

ಜೀಪಿನವರು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರಂತೆ. ‘ಎಲ್ಲ ಸರಿ ಮಗಳೇ. ಇದನ್ನ ನೀನು ಬರೆದದ್ದು ಎಷ್ಟು ಗಂಟೆಗೆ?’

ಅದು ಪುಟದಲ್ಲಿ ಇತ್ತು. ತೀರಾ ಕೆಳಗೆ, ಬೂದು ಬಣ್ಣದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಹೊಳೆ ಗಂಟೆಗೊಂದು ಅಡಿ ಏರುವ ದಿನಗಳಲ್ಲಿ ರಾತ್ರಿ ಹತ್ತರ ಮಾತಿಗೆ ಬೆಳಗಿನ ಜಾವ ಐದಕ್ಕೆ ಏನು ಬೆಲೆ? ಜೊತೆಗಾರ ಹುಡುಗನಿಗೆ ಅದನ್ನು ಮೇಲೆ ಹಾಕುವುದು ಇಷ್ಟವಿರಲಿಲ್ಲ. ಪುಟದ ಹೆಸರಿಗೆ ಅವನು ಎರಡು ವಾರ ಕೂತು ಗುಡ್ಡ, ಮೋಡ, ಕಾಫಿ ಹೂವು ಬಿಡಿಸಿ ಲೋಗೊ ಮಾಡಿದ್ದ, ಅದರ ಮೇಲೆ ಗಂಟೆ ಹಾಕಿದರೆ ಅಂದ ಕೆಡುತ್ತದೆ ಅನ್ನುವುದು ಅವನ ವಾದ. ನಮ್ಮನ್ನು ಕೇಳಿದರು. ಇದು ನಿಮ್ಮ ಪುಟ, ನೀವೇ ತೀರ್ಮಾನಿಸಿ ಅಂದೆವು.

ಈ ವರ್ಷ ಮೊದಲ ಮಳೆ ಬಿದ್ದ ದಿನ ಲಿಂಕು ಬಂತು. ಲೋಗೊ ಕೆಳಗಿಳಿದಿತ್ತು. ಎಲ್ಲಕ್ಕಿಂತ ಮೇಲೆ, ಪರದೆಯ ಪೂರ್ತಿ ಅಗಲಕ್ಕೆ, ದಪ್ಪ ಅಕ್ಷರದಲ್ಲಿ ‘ಸಂಜೆ 6.40ಕ್ಕೆ ಕೇಳಿ ಬರೆದದ್ದು’ ಅಂತಿತ್ತು. ಯಾವ ಒತ್ತೂ ಕತ್ತರಿಸಿರಲಿಲ್ಲ.